ಛತ್ರಿಗೆ ಲೋಟ ಅಂದದ್ದು

ಮೂರನೇ ಮಹಡಿಯ ಬಾಗಿಲು ತೆರೆದ ಹೆಂಗಸು ಈ ಸಲ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ವೈಫೈ ರಿಪೇರಿಗೆ ಬಂದಿದ್ದ ಏಣಿಗೆ. ಹೋದ ಸಲವೂ ಅದರ ಹಿಂದಿನ ಸಲವೂ ಆಕೆ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿಕೊಂಡು ಕಂಪನಿಯ ಜನ್ಮ ಜಾಲಾಡಿದ್ದಳು. ಇವತ್ತು ಸುಮ್ಮನೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಕೈಯಲ್ಲಿ ಒದ್ದೆ ಟವೆಲ್ ಇತ್ತು. ತಲೆಗೂದಲನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಿಕ್ಕಿಸಿಕೊಂಡಿದ್ದಳು.

“ಮತ್ತೆ ನೀವೇನಾ?”

“ನಾನೇ ಅಮ್ಮಾ.”

“ಬೇರೆ ಯಾರೂ ಇಲ್ವಾ ನಿಮ್ಮ ಆಫೀಸಲ್ಲಿ?”

“ಇದಾರೆ. ಈ ಏರಿಯಾ ನಂದು.”

ಆಕೆ ತಲೆಯಾಡಿಸಿದಳು, ಅದೂ ತನ್ನ ಹಣೆಬರಹವೇ ಎನ್ನುವ ಹಾಗೆ.

ಏಣಿಗೆ ಐವತ್ತನಾಲ್ಕು ತುಂಬಿತ್ತು. ಟೆಲಿಫೋನ್ ತಂತಿಗಳ ಕಾಲದಲ್ಲಿ ಹೆಗಲ ಮೇಲೆ ಏಣಿ ಹೊತ್ತು ಕಂಬದಿಂದ ಕಂಬಕ್ಕೆ ಅಲೆಯುತ್ತಿದ್ದವನಿಗೆ ಜೊತೆಯವರು ಇಟ್ಟ ಹೆಸರು ಅದು. ತಂತಿ ಹೋಯಿತು, ಕಂಬ ಹೋಯಿತು, ಏಣಿಯೂ ಯಾವುದೋ ಗೋದಾಮಿನ ಮೂಲೆ ಸೇರಿತು. ಹೆಸರೊಂದು ಉಳಿಯಿತು, ಜೊತೆಗೆ ಮಂಡಿನೋವು. ಈಗ ಅವನ ಕೆಲಸ ಮನೆಮನೆಯ ವೈಫೈ ರಿಪೇರಿ. ದಿನಕ್ಕೆ ಎಂಟು ಮನೆ, ಮನೆಗೆ ನಲವತ್ತು ನಿಮಿಷ. ಲಿಫ್ಟ್ ಕೆಟ್ಟಿದ್ದರೂ ಅಷ್ಟೇ, ಮನೆಯವರು ಬಾಗಿಲು ತೆಗೆಯದಿದ್ದರೂ ಅಷ್ಟೇ. ನಲವತ್ತು ದಾಟಿದರೆ ಫೋನಿನಲ್ಲಿ ಕೆಂಪು ಗೆರೆ ಮೂಡುತ್ತಿತ್ತು. ತಿಂಗಳಿಗೆ ಇಷ್ಟು ಕೆಂಪು ಗೆರೆಗಿಂತ ಹೆಚ್ಚಾದರೆ ಸೂಪರ್‌ವೈಸರ್ ಕರೆದು ಕೂರಿಸಿಕೊಂಡು “ಏನ್ ಸಮಾಚಾರ” ಅನ್ನುತ್ತಿದ್ದ. ಅವನ ಆ “ಏನ್ ಸಮಾಚಾರ”ಕ್ಕೆ ಹೆದರದವರು ಆಫೀಸಿನಲ್ಲಿ ಯಾರೂ ಇರಲಿಲ್ಲ.

ಈ ಮನೆಯ ದೂರು ಆರು ವಾರದಿಂದ ಒಂದೇ: ಹಿಂದಿನ ಕೋಣೆಯಲ್ಲಿ ವಿಡಿಯೋ ನಿಂತುನಿಂತು ಬರುತ್ತದೆ. ಮೊದಲ ಸಲ ಬಂದಾಗ ಏಣಿ ರೂಟರಿನ ಚಾನೆಲ್ ಬದಲಿಸಿ ಹೋಗಿದ್ದ. ಎರಡು ದಿನ ಚೆನ್ನಾಗಿತ್ತಂತೆ. ಎರಡನೇ ಸಲ ರೂಟರನ್ನು ಶೂ ಸ್ಟ್ಯಾಂಡಿನಿಂದ ಎತ್ತಿ ಕಪಾಟಿನ ತಲೆಯ ಮೇಲೆ ಕೂರಿಸಿದ್ದ. ಒಂದು ದಿನ ಚೆನ್ನಾಗಿತ್ತಂತೆ. ಮೂರನೇ ಸಲ ಮಾತ್ರ ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ್ದ. ರೂಟರಿನ ಮೂಗಿನ ಕೆಳಗೆ ನಿಂತು, ತನ್ನ ಹೊಸ ಫೋನಿನಲ್ಲಿ ವೇಗ ಅಳೆದು, ಭರ್ಜರಿ ಅಂಕಿ ಬಂದದ್ದನ್ನು ಫೋಟೋ ಹಿಡಿದು ‘ಸಮಸ್ಯೆ ಬಗೆಹರಿದಿದೆ’ ಎಂದು ಒತ್ತಿದ್ದ. ನಿಜ ಹೇಳಬೇಕೆಂದರೆ ಮೊದಲೆರಡು ಸಲವೂ ಕೊನೆಗೆ ಹಾಕಿದ್ದು ಅಂಥದೇ ಫೋಟೋ. ಹಿಂದಿನ ಕೋಣೆಗೆ ಅವನು ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಚೀಲ ಕೆಳಗಿಟ್ಟು ಅವನು ಫೋನ್ ತೆಗೆದ. ಸುತ್ತಲಿನ ವೈಫೈಗಳನ್ನೆಲ್ಲ ತೋರಿಸುವ ಆ್ಯಪ್‌ನಲ್ಲಿ ಒಂದೊಂದು ಮನೆಯದೂ ಒಂದೊಂದು ಬಣ್ಣದ ಗುಡ್ಡವಾಗಿ ಕಾಣುತ್ತಿತ್ತು. ಇಲ್ಲಿ ಗುಡ್ಡಗಳಿರಲಿಲ್ಲ, ರಾಶಿಯಿತ್ತು. ಎಣಿಸಿದ, ಇಪ್ಪತ್ತೊಂಬತ್ತು.

“ಏನಂತೆ?” ಅಂದಳು ಆಕೆ.

“ನೋಡಿ ಅಮ್ಮಾ, ನಿಮ್ಮ ಮನೆ ತನಕ ಬರೋ ಲೈನ್ ಸರಿ ಇದೆ. ಮನೆ ಒಳಗೆ ಗಾಳೀಲಿ ಹೋಗುತ್ತಲ್ಲ, ತೊಂದರೆ ಅಲ್ಲಿ. ಗಾಳೀಲಿ ಎರಡು ದಾರಿ ಇದೆ. ಒಂದು ಹೊಸದು, ಖಾಲಿ ಇದೆ, ಆದ್ರೆ ಗೋಡೆ ದಾಟೋಕಾಗಲ್ಲ ಅದಕ್ಕೆ. ಇನ್ನೊಂದು ಹಳೇದು, ಗೋಡೆ ದಾಟುತ್ತೆ. ಆದ್ರೆ ಈ ಕಟ್ಟಡದಲ್ಲಿರೋ ಇಪ್ಪತ್ತೊಂಬತ್ತು ಮನೆಯೋರೂ ಅದೇ ಓಣೀಲಿ ನುಗ್ತಾ ಇದಾರೆ. ಒಬ್ರು ಮಾತಾಡ್ತಿದ್ರೆ ಇನ್ನೊಬ್ರು ಬಾಯಿ ಮುಚ್ಕೊಂಡು ಕಾಯ್ಬೇಕು. ನಿಮ್ಮದು ಕಾಯ್ತಾ ಕೂತಿರುತ್ತೆ.”

“ನಮ್ಮ ಟ್ಯಾಬ್‌ನ ಹೊಸ ದಾರೀಲಿ ಕಳಿಸಿ.”

“ಅದು ಹಳೇ ಟ್ಯಾಬ್. ಹಳೇ ದಾರಿ ಬಿಟ್ರೆ ಬೇರೆ ಗೊತ್ತಿಲ್ಲ ಅದಕ್ಕೆ.”

“ಕೊಟ್ಟಿರೋದು ಆಸ್ಪತ್ರೆಯೋರು. ಬದಲಾಯಿಸೋ ಹಾಗಿಲ್ಲ.”

“ಯಜಮಾನ್ರನ್ನ ಒಂದು ಗಂಟೆ ಹಾಲ್‌ಗೆ ಕರ್ಕೊಂಡು ಬಂದು ಕೂರಿಸಿದ್ರೆ? ಇಲ್ಲಿ ರೂಟರ್ ಪಕ್ಕದಲ್ಲೇ ಇರುತ್ತೆ.”

ಆಕೆ ಟವೆಲನ್ನು ಎರಡು ಸಲ ಮಡಿಸಿದಳು. “ಬರಲ್ಲ. ಹಾಲ್‌ನಲ್ಲಿ ಕೂತ್ರೆ ಹೊರಗೆ ಓಡಾಡೋ ಮಕ್ಕಳಿಗೆ ಕಾಣ್ತಾರೆ. ಅರ್ಧ ಮಕ್ಕಳು ಇವರ ವ್ಯಾನಲ್ಲೇ ಸ್ಕೂಲಿಗೆ ಹೋದವರು. ‘ವ್ಯಾನ್ ಮಾಮ, ವ್ಯಾನ್ ಮಾಮ’ ಅಂತ ಬಾಗಿಲಿಗೆ ಬರ್ತವೆ. ನಲವತ್ತು ಮಕ್ಕಳ ಹೆಸರು ಬಾಯಲ್ಲಿತ್ತು ಇವರಿಗೆ. ಈಗ ಒಂದೂ ಹೇಳೋಕಾಗಲ್ಲ.” ಸ್ವಲ್ಪ ತಡೆದು ಅಂದಳು, “ಹನ್ನೊಂದಕ್ಕೆ ಮಾತು ಕಲಿಸೋ ಕ್ಲಾಸಿದೆ. ಇವತ್ತು ನೀವು ಏನೂ ರಿಪೇರಿ ಮಾಡೋದು ಬೇಡ. ಒಳಗೆ ಬಂದು ಕೂತು ನೋಡಿ. ಅಷ್ಟೇ ನಾನು ಕೇಳೋದು.”

ಏಣಿ ಗಡಿಯಾರ ನೋಡಿದ. ಹನ್ನೊಂದಕ್ಕೆ ಐದು ನಿಮಿಷ. ಮುಂದಿನ ಮನೆ ಎರಡು ಬೀದಿ ಆಚೆ. ಕೂತರೆ ಕೆಂಪು ಗೆರೆ ಖಂಡಿತ. ಆದರೆ ಮೂರು ಮಹಡಿ ಹತ್ತಿದ ಮಂಡಿಗೂ ಕೂರಬೇಕೆನಿಸಿತ್ತು.

ಹಿಂದಿನ ಕೋಣೆ ಅಡುಗೆಮನೆ ದಾಟಿದ ಮೇಲೆ, ಎರಡು ದಪ್ಪ ಗೋಡೆ ಮತ್ತು ಒಂದು ಕಬ್ಬಿಣದ ಬೀರುವಿನ ಆಚೆಗಿತ್ತು. ಮಂಚದ ಮೇಲೆ ದಿಂಬುಗಳಿಗೆ ಒರಗಿ ವ್ಯಾನ್ ಮಾಮ ಕೂತಿದ್ದ. ದೊಡ್ಡ ಆಳು. ಬಲಗೈಯನ್ನು ಯಾರದೋ ಸಾಮಾನು ಇಟ್ಟ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಮುಖ ನುಣ್ಣಗೆ ಕ್ಷೌರವಾಗಿತ್ತು, ಶರ್ಟಿನ ಗುಂಡಿಗಳೆಲ್ಲ ಹಾಕಿದ್ದವು. ಕ್ಲಾಸಿಗೆಂದು ತಯಾರಾದದ್ದು ನೋಡಿದರೇ ತಿಳಿಯುತ್ತಿತ್ತು.

“ಏಳು ತಿಂಗಳಾಯ್ತು,” ಅಂದಳು ಆಕೆ ಟ್ಯಾಬನ್ನು ಸ್ಟ್ಯಾಂಡಿಗೆ ಸಿಕ್ಕಿಸುತ್ತ. “ಕೊನೇ ಮಗೂನ ಮನೆ ಮುಂದೆ ಇಳಿಸಿದಾರೆ, ಹ್ಯಾಂಡ್‌ಬ್ರೇಕ್ ಹಾಕಿದಾರೆ, ಇಂಜಿನ್ ಆಫ್ ಮಾಡಿದಾರೆ. ಆಮೇಲೆ ಲಕ್ವ ಹೊಡೆದು ಸ್ಟೀರಿಂಗ್ ಮೇಲೆ ಬಿದ್ದಿದಾರೆ. ಕೆಲಸದಲ್ಲಿ ಅಷ್ಟು ನಿಯತ್ತು.” ಹೆಮ್ಮೆಯೋ ಸಿಟ್ಟೋ ಗೊತ್ತಾಗದ ದನಿ. “ಮಾತಿನ ಮೇಡಂ ವಾರಕ್ಕೆ ಮೂರು ದಿನ ಹೇಳಿಕೊಡ್ತಾರೆ. ಆರು ವಾರದಿಂದ ಏನೂ ಸುಧಾರಣೆ ಇಲ್ಲವಂತೆ. ಇವತ್ತೂ ಹೀಗೇ ಆದ್ರೆ ಜಾಗ ಬೇರೆಯವರಿಗೆ ಕೊಡ್ತಾರಂತೆ. ಕಾಯ್ತಿರೋರು ಬೇಕಾದಷ್ಟು ಜನ ಇದಾರೆ.”

ವ್ಯಾನ್ ಮಾಮ ಏಣಿಯ ಚೀಲದ ಮೇಲಿದ್ದ ಕಂಪನಿಯ ಗುರುತನ್ನು ನೋಡಿದ, ಆಮೇಲೆ ಏಣಿಯ ಮುಖವನ್ನು. ಎಡಗೈ ಎತ್ತಿ ಟ್ಯಾಬ್ ಕಡೆ ತೋರಿಸಿ, ಗಂಟಲಲ್ಲಿ ಏನೋ ಗೊರಗೊರ ಅಂದ.

“ಸುಮ್ನಿರ್ರೀ, ಈಗ ಶುರುವಾಗುತ್ತೆ,” ಅಂದಳು ಹೆಂಡತಿ.

ತೆರೆಯ ಮೇಲೆ ಮಾತಿನ ಮೇಡಂ ಬಂದರು. ಕನ್ನಡಕ ಹಾಕಿದ, ಸಣ್ಣ ವಯಸ್ಸಿನ, ಬೆಳಗಿನಿಂದ ಬಹಳ ಜನರೊಡನೆ ಮಾತಾಡಿ ದಣಿದಂತಿದ್ದ ಮುಖ. ನಮಸ್ಕಾರ ಹೇಳುವಷ್ಟರಲ್ಲಿ ಮುಖ ಚೌಕಚೌಕವಾಗಿ ಒಡೆದು ಮತ್ತೆ ಕೂಡಿಕೊಂಡಿತು. ಅವರು ಒಂದು ಚಿತ್ರ ಎತ್ತಿ ಹಿಡಿದರು. ಲೋಟ.

“ಇದೇನು ಹೇಳಿ?”

ವ್ಯಾನ್ ಮಾಮನ ತುಟಿ ಒಮ್ಮೆ ಮುಂದೆ ಬಂತು. “ಲೋ… ಲೋಟ.”

ಏಣಿ ಬೆರಗಾದ. ತೊದಲು ಹೌದು, ಆದರೆ ಮಾತು ಸ್ಪಷ್ಟವಾಗಿತ್ತು, ಕೇಳಿದ ಕೂಡಲೇ ಬಂದಿತ್ತು. ಮೇಡಂ ಮಾತ್ರ ಹಾಗೆಯೇ ಲೋಟ ಹಿಡಿದು ಕೂತಿದ್ದರು. ಆಮೇಲೆ ನಿಟ್ಟುಸಿರಿಟ್ಟು “ಪರವಾಗಿಲ್ಲ, ಮುಂದಿನದು ನೋಡೋಣ” ಅಂದರು. ಚಿತ್ರ ನಡುಗಿ ನಿಂತಿತು, ಮತ್ತೆ ಚಲಿಸಿದಾಗ ಅವರ ಕೈಯಲ್ಲಿ ಛತ್ರಿಯಿತ್ತು. ಅವರ ಹುಬ್ಬು ಗಂಟಾಯಿತು.

“ಅಲ್ಲ. ಇದು ಲೋಟ ಅಲ್ಲ. ಸರಿಯಾಗಿ ನೋಡಿ.”

“ಸರಿಯಾಗಿ ನೋಡಿ ಹೇಳ್ರೀ,” ಅಂದಳು ಹೆಂಡತಿ ಬಾಗಿಲ ಬಳಿಯಿಂದ. ಅವಳ ದನಿಯಲ್ಲಿ ಬೇಡಿಕೆಯಿತ್ತು, ಬೇಸರವೂ ಇತ್ತು. “ಛತ್ರಿಗೆ ಯಾರಾದ್ರೂ ಲೋಟ ಅಂತಾರಾ?”

ವ್ಯಾನ್ ಮಾಮ ಎಡಗೈಯಿಂದ ಮಂಚದ ಪಟ್ಟಿಯನ್ನು ರಪರಪ ಬಡಿದ.

“ದಿನಾ ಇದೇ ಕಥೆ,” ಆಕೆ ಏಣಿಗೆ ಹೇಳಿದಳು. “ತಪ್ಪು ಹೇಳೋದು, ಆಮೇಲೆ ಸಿಟ್ಟು.”

ಏಣಿ ಮುಂದಕ್ಕೆ ಬಗ್ಗಿ ಕೂತ. ಅವನ ಕಣ್ಣು ಕೈಗಡಿಯಾರದ ಸೆಕೆಂಡ್ ಮುಳ್ಳಿನ ಮೇಲಿತ್ತು. ಅವನು ಹಳೆಯ ಲೈನ್‌ಮನ್. ಲೈನಿನ ಒಂದು ತುದಿಯಲ್ಲಿ ಕೂಗಿದ್ದು ಇನ್ನೊಂದು ತುದಿಗೆ ಯಾವಾಗ ಮುಟ್ಟಿತು ಎಂದು ಎಣಿಸುವುದು ಅವನಿಗೆ ರಕ್ತದಲ್ಲೇ ಬಂದದ್ದು. ವ್ಯಾನ್ ಮಾಮ “ಛ… ತ್ರಿ” ಅಂದ. ಏಣಿ ಎಣಿಸಿದ. ಒಂದು, ಎರಡು, ಮೂರು. ಏಳಕ್ಕೆ ಬಂದಾಗ ತೆರೆಯ ಮೇಲೆ ಬಾಚಣಿಗೆ ಕಾಣಿಸಿಕೊಂಡಿತು. ಒಂಬತ್ತಕ್ಕೆ ಮೇಡಂ ಅಲ್ಲವೆಂದು ತಲೆಯಾಡಿಸಿ ಕೆಳಗೆ ಬಗ್ಗಿ ಏನೋ ಬರೆದುಕೊಂಡರು.

ಅವನು ಗಡಿಯಾರದಿಂದ ತಲೆಯೆತ್ತಿದ.

“ಅಮ್ಮಾ, ಈ ಮೇಡಂದು ಫೋನ್ ನಂಬರ್ ಇದೆಯಾ? ಮಾಮೂಲಿ ಫೋನು?”

“ಇದೆ. ಯಾಕೆ?”

“ಹಚ್ಚಿ. ಸ್ಪೀಕರ್ ಹಾಕಿ.”

ತೆರೆಯ ಮೇಲಿನ ಮೇಡಂ ಇನ್ನೂ ಬಾಚಣಿಗೆ ಹಿಡಿದಿರುವಾಗಲೇ ಫೋನಿನಲ್ಲಿ ಅವರ ದನಿ ಬಂತು. “ಕ್ಲಾಸ್ ನಡೀವಾಗ ಯಾಕೆ ಫೋನ್ ಮಾಡ್ತೀರಿ?”

“ಮೇಡಂ, ನಾನು ಇಂಟರ್ನೆಟ್ ರಿಪೇರಿಯವನು. ಒಂದೇ ಮಾತು ಕೇಳ್ತೀನಿ. ಈಗ ನಿಮ್ಮ ಕೈಲಿ ಯಾವ ಚಿತ್ರ ಇದೆ?”

“ಯಾಕೆ? ಮರ.”

“ನಮಗಿಲ್ಲಿ ಬಾಚಣಿಗೆ ಕಾಣ್ತಿದೆ.”

ಏಣಿ ಫೋನಿನ ಹತ್ತಿರಕ್ಕೆ ಬಗ್ಗಿದ.

“ಲೋಟಕ್ಕೆ ಲೋಟ ಅಂತಾನೇ ಅಂದ್ರು ಮೇಡಂ. ನಾನು ಪಕ್ಕದಲ್ಲೇ ಕೂತಿದೀನಿ. ನೀವು ಕಾದು ಕಾದು ಛತ್ರಿ ಎತ್ತಿದಾಗ ನಿಮಗೆ ಲೋಟ ಕೇಳಿಸ್ತು. ಛತ್ರೀನೂ ಸರಿಯಾಗೇ ಹೇಳಿದ್ರು. ಅದು ನಿಮಗೆ ಬಾಚಣಿಗೆ ಹೊತ್ತಿಗೆ ಬಂತು. ತಡ ಮಾಡ್ತಿರೋದು ಇವರಲ್ಲ, ಲೈನು.”

ಅಷ್ಟು ಹೊತ್ತಿಗೆ ತೆರೆಯ ಮೇಲಿನ ಮೇಡಂ ಮರದ ಚಿತ್ರ ಎತ್ತಿದರು, ನಗುತ್ತ, ಏನೂ ಗೊತ್ತಿಲ್ಲದವರ ಹಾಗೆ. ಫೋನಿನಲ್ಲಿದ್ದ ಮೇಡಂ ಬಹಳ ಸಣ್ಣ ದನಿಯಲ್ಲಿ “ಆರು ವಾರ…” ಅಂದರು.

ವ್ಯಾನ್ ಮಾಮ ಮಂಚ ಬಡಿಯುವುದನ್ನು ನಿಲ್ಲಿಸಿದ್ದ. ಹೆಂಡತಿ ಬಂದು ಮಂಚದ ತುದಿಯಲ್ಲಿ ಕೂತಳು. ಕೂತಳು ಅನ್ನುವುದಕ್ಕಿಂತ ಕುಸಿದಳು.

“ನಿಮಗೆ ಗೊತ್ತಿತ್ತಾ? ಸರಿ ಹೇಳ್ತಿದೀನಿ ಅಂತ?”

ಅವನು ಅವಳನ್ನೇ ನೋಡಿದ. ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು. ಅದನ್ನು ಹೇಳುವುದಕ್ಕೆ ಬೇಕಾದಷ್ಟು ಮಾತು ಅವನ ಬಳಿ ಇರಲಿಲ್ಲ, ಅಷ್ಟೇ.

“ಆರು ವಾರ ಬೈದೆನಲ್ರೀ,” ಅಂದಳು ಅವಳು. “ಮನಸ್ಸಿಟ್ಟು ಮಾಡ್ತಿಲ್ಲ, ಬೇಕಂತಲೇ ಮಾಡ್ತೀರಿ ಅಂತ. ಮೊನ್ನೆ ಊಟದ ತಟ್ಟೆ ಕುಕ್ಕಿ ಹೋದೆನಲ್ಲ.”

ಅವನು “ಹೂಂ” ಅಂದ. ಏಣಿ ಕಿಟಕಿಯ ಕಡೆ ತಿರುಗಿ ನಿಂತ. ಎದುರಿನ ಕಟ್ಟಡದಲ್ಲಿ ಯಾರೋ ಚಾಪೆ ಕೊಡವುತ್ತಿದ್ದರು.

ಮಾತಿನ ಮೇಡಂ ಕೆಟ್ಟವರೇನಲ್ಲ. “ನನಗೆ ಅರ್ಥವಾಯ್ತು,” ಅಂದರು ಫೋನಿನಲ್ಲಿ. “ಆದ್ರೆ ತೀರ್ಮಾನ ನಂದಲ್ಲ. ಅಂಕ ಎಲ್ಲ ನಾನೇ ಬರೆದು ಕಳಿಸಿಬಿಟ್ಟಿದೀನಿ. ಮೇಲಿನವರು ಕಾಗದ ಕೇಳ್ತಾರೆ. ಆರು ವಾರದಿಂದ ಲೈನ್ ಕೆಟ್ಟಿತ್ತು ಅಂತ ನಿಮ್ಮ ಕಂಪನಿ ಬರೆದುಕೊಟ್ರೆ ಅದನ್ನೆಲ್ಲ ತೆಗೆದು ಹೊಸದಾಗಿ ಶುರು ಮಾಡಬಹುದು. ಕೊಡ್ತೀರಾ?”

“ನೋಡ್ತೀನಿ,” ಅಂದ ಏಣಿ. ಅವನಿಗೆ ಗೊತ್ತಿತ್ತು, ಕಂಪನಿಯ ದಾಖಲೆಯಲ್ಲಿ ಈ ಮನೆಯ ಲೈನ್ ಆರು ವಾರದಿಂದ ಮುತ್ತಿನ ಹಾಗಿತ್ತು. ಮೂರು ಫೋಟೋಗಳ ಸಾಕ್ಷಿಯಿತ್ತು. ಹಾಕಿದವನು ಅವನೇ.

ಅವನು ಹೊರಗೆ ಬಂದು ಎರಡನೇ ಮಹಡಿಯ ತಿರುವಿನಲ್ಲಿ ಮೆಟ್ಟಿಲ ಮೇಲೆ ಕೂತ. ಫೋನಿನಲ್ಲಿ ಕೆಂಪು ಗೆರೆ ಮೂಡಿ ಎಷ್ಟೋ ಹೊತ್ತಾಗಿತ್ತು. ಮುಗಿದ ದೂರುಗಳ ಪಟ್ಟಿ ತೆಗೆದು, ಮೂರನ್ನೂ ಒಂದೊಂದಾಗಿ ಮತ್ತೆ ತೆರೆದ. ಕಾರಣ ಕೇಳುವ ಜಾಗದಲ್ಲಿ ದಪ್ಪ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ಬರೆದ: ‘ಗ್ರಾಹಕರ ಕೋಣೆಯಲ್ಲಿ ಪರೀಕ್ಷಿಸಿಲ್ಲ. ರೂಟರ್ ಪಕ್ಕದ ಫೋಟೋ ಹಾಕಿ ಮುಗಿಸಲಾಗಿದೆ. ತೊಂದರೆ ಹಾಗೇ ಇದೆ.’

ಆ ದಿನದ ನಾಲ್ಕನೇ ಮನೆಯ ಬಾಗಿಲಲ್ಲಿರುವಾಗ ಸೂಪರ್‌ವೈಸರ್ ಫೋನ್ ಬಂತು.

“ಏಣಿಯಣ್ಣಾ, ಏನಿದು? ನೀವು ಮುಗಿಸಿದ ಕಂಪ್ಲೇಂಟ್‌ನ ನೀವೇ ತೆರೆದಿದೀರಿ. ಕೈ ತಪ್ಪಿ ಒತ್ತಿಬಿಟ್ರಾ?”

“ಇಲ್ಲ ಸರ್. ಕೈ ತಪ್ಪಿದ್ದು ಮೊದಲು. ಈಗ ನೋಡೇ ಒತ್ತಿದೀನಿ.”

“ತಮ್ಮ ಕುತ್ತಿಗೆಗೆ ತಾವೇ ಹಗ್ಗ ಹಾಕ್ಕೊಳ್ಳೋರನ್ನ ನಾನೆಲ್ಲೂ ನೋಡಿಲ್ಲ. ಒಳಗಿನ ಮಾತು ಹೇಳ್ತೀನಿ, ಎಲ್ಲರೂ ಹಾಗೇ ಫೋಟೋ ಹಾಕೋದು. ನನಗೆ ಗೊತ್ತಿಲ್ವಾ? ಅಳಿಸಿಬಿಡಿ. ನಾನು ನೋಡಿಲ್ಲ ಅಂದ್ಕೋತೀನಿ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ ಮಾತು. ಏಣಿ ಗೋಡೆಗೆ ಒರಗಿದ. ಅವನಿಗೆ ಧೈರ್ಯ ಬಂದಿತ್ತೆಂದಲ್ಲ. ಅಳಿಸಬೇಕೆಂದರೆ ಮತ್ತೊಂದು ಕಾರಣ ಕಟ್ಟಬೇಕು, ಮತ್ತೊಂದು ಫೋಟೋ ಹಿಡಿಯಬೇಕು, ಆ ಮೂರು ಮಹಡಿಯನ್ನು ಮತ್ತೆ ಹತ್ತಿ ಆ ಮನುಷ್ಯನ ಕಣ್ಣೆದುರು ನಿಲ್ಲಬೇಕು. ಅಷ್ಟನ್ನು ನೆನೆದರೇ ಮೈ ಭಾರವಾಯಿತು.

“ಸುಳ್ಳು ಹೇಳೋಕೂ ಮೈಯಲ್ಲಿ ಕಸು ಬೇಕು ಸರ್,” ಅಂದ. “ನನಗೆ ಸಾಕಾಗಿದೆ. ನೀವು ಏನು ಮಾಡ್ಬೇಕೋ ಮಾಡಿ. ಲೈನ್ ಕೆಟ್ಟಿತ್ತು ಅಂತ ಒಂದು ಕಾಗದ ಮಾತ್ರ ಆ ಮನೆಯೋರಿಗೆ ಕೊಟ್ಟುಬಿಡಿ. ದಾಖಲೆ ಈಗ ಹಾಗೇ ಇದೆಯಲ್ಲ.”

ಕಾಗದ ಎರಡು ದಿನದಲ್ಲಿ ಹೋಯಿತು. ಅದರ ಬೆನ್ನಿಗೇ ಏಣಿಗೂ ಒಂದು ಕಾಗದ ಬಂತು. ಮುಂದಿನ ತಿಂಗಳಿಂದ ಅವನ ಏರಿಯಾ ಊರಾಚೆಯ ಕಾರ್ಖಾನೆಗಳ ಕಡೆ. ಎರಡು ಬಸ್ಸು ಬದಲಿಸಬೇಕು. ಅದನ್ನು ಓದಿ ಅವನ ಹೆಂಡತಿ ಮಡಿಸಿಟ್ಟಳು. ಆಮೇಲೆ, “ಅಲ್ಲಿ ಎಲ್ಲಾ ನೆಲಮಹಡೀನೇ ಅಲ್ವಾ? ಹೋಗ್ಲಿ, ಮಂಡಿಗಾದ್ರೂ ಒಳ್ಳೇದಾಯ್ತು” ಅಂದಳು. ಅವನಿಗೆ ನಗು ಬಂತು. ಬಹಳ ದಿನದ ಮೇಲೆ ಬಂದದ್ದರಿಂದ ಅದು ಕೆಮ್ಮಿನ ಹಾಗೆ ಬಂತು.

ವಾರದ ರಜೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಅವನು ಮತ್ತೆ ಆ ಮೂರು ಮಹಡಿ ಹತ್ತಿದ. ಈ ಸಲ ಹೆಗಲ ಮೇಲೆ ಬೂದು ಬಣ್ಣದ ತಂತಿಯ ಸುರುಳಿಯಿತ್ತು.

“ಇವತ್ತು ನಿಮಗೆ ರಜಾ ಅಲ್ವಾ ಅಣ್ಣಾ?” ಬಾಗಿಲು ತೆರೆದ ಹೆಂಗಸು ಕೇಳಿದಳು. ಅವಳು ಅವನನ್ನು ಅಣ್ಣ ಅಂದದ್ದು ಅದೇ ಮೊದಲು.

“ಅದಕ್ಕೇ ಬಂದೆ. ಡ್ಯೂಟಿ ದಿನ ರೂಟರ್‌ನಿಂದ ಈಚೆಗೆ ಕೈ ಹಾಕೋ ಹಾಗಿಲ್ಲ. ತಂತಿ ಎಳೆಯೋದು ನಮ್ಮ ಕೆಲಸ ಅಲ್ಲವಂತೆ ಈಗ.”

“ಮನೆ ಓನರ್ ಒಂದು ಮೊಳೆ ಹೊಡೆಯೋಕೂ ಬಿಡಲ್ಲ.”

“ಮೊಳೆ ಬೇಡ. ಅಂಟು ಸಾಕು.”

ಗಾಳಿಯ ಹಂಗೇ ಬೇಡವೆಂದು ಅವನು ನಿಶ್ಚಯಿಸಿಕೊಂಡಿದ್ದ. ಇಪ್ಪತ್ತೊಂಬತ್ತು ಮನೆಯವರ ಬಾಗಿಲು ತಟ್ಟಿ ನಿಮ್ಮ ಚಾನೆಲ್ ಬದಲಿಸಿ ಎಂದು ಬೇಡಿಕೊಂಡರೂ ಮುಂದಿನ ವಾರ ಮೂವತ್ತನೆಯವರು ಬರುತ್ತಾರೆ. ರೂಟರಿನ ಹಿಂಬದಿಯಿಂದ ಹೊರಟ ತಂತಿಯನ್ನು ಹಾಲ್‌ನ ಬಾಗಿಲ ಚೌಕಟ್ಟಿನ ಮೇಲಂಚಿಗೆ ಅಂಟಿಸಿದ. ಅಡುಗೆಮನೆಯ ಕಪಾಟುಗಳ ಹಿಂದೆ ತೂರಿಸಿದ. ಬೀರುವಿನ ಬೆನ್ನಿನಿಂದ ಇಳಿಸಿದ. ಮಂಚದ ಬಳಿ ಬಂದು ಮಂಡಿಯೂರಿ ಗೋಡೆಯಂಚಿಗೆ ಅಂಟಿಸತೊಡಗಿದರೆ ತಂತಿ ಸಡಿಲಾಗಿ ತಾನಾಗಿ ಬರುತ್ತಿತ್ತು. ವ್ಯಾನ್ ಮಾಮ ಉಳಿದ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಿಂದ ಅಳತೆ ನೋಡಿ ಬಿಡುತ್ತಿದ್ದ. ಒಂದು ಕಡೆ ತಂತಿ ತಿರುಚಿಕೊಂಡಾಗ ಅವನೇ “ಏ” ಎಂದು ತಡೆದು, ಗಂಟು ಬಿಡಿಸಿ, ಮತ್ತೆ ಬಿಟ್ಟ. ಹೇಗೆ ಹಿಡಿಯಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ವ್ಯಾನ್ ವೈರಿಂಗ್ ಎಲ್ಲಾ ನೀವೇ ಮಾಡ್ಕೋತಿದ್ರಾ?” ಏಣಿ ಕೇಳಿದ.

“ಹೂಂ.” ಬಾಯಿಯ ಎಡ ಅಂಚು ಮೇಲಕ್ಕೆ ಹೋಯಿತು.

ತಂತಿಯ ತುದಿಯನ್ನು ಟ್ಯಾಬ್‌ಗೆ ಕೂಡಿಸುವ ಪುಟ್ಟ ಜೋಡಣೆಯೊಂದನ್ನು ಏಣಿ ಹಳೆಯ ಸಾಮಾನಿನ ಡಬ್ಬಿಯಿಂದ ಹುಡುಕಿ ತಂದಿದ್ದ. ಸಿಕ್ಕಿಸಿ, ಟ್ಯಾಬಿನ ವೈಫೈ ಪೂರ್ತಿ ಆರಿಸಿದ. ಹನ್ನೊಂದಕ್ಕೆ ತೆರೆಯ ಮೇಲೆ ಮಾತಿನ ಮೇಡಂ ಬಂದರು. ಮುಖ ಒಡೆಯಲಿಲ್ಲ. ಕನ್ನಡಕದ ಗಾಜಿನಲ್ಲಿ ಅವರ ಕೋಣೆಯ ಕಿಟಕಿ ಕೂಡ ಕಾಣುತ್ತಿತ್ತು.

“ಮೊದಲಿಂದ ಶುರು ಮಾಡೋಣ,” ಅಂದರು. “ಹಳೇದೆಲ್ಲ ತೆಗೆದುಹಾಕಿದೀವಿ.” ಲೋಟದ ಚಿತ್ರ ಎತ್ತಿದರು.

“ಲೋ… ಟ.”

ಚಿತ್ರ ಅವರ ಕೈಯಲ್ಲಿರುವಾಗಲೇ ಮಾತು ಹೋಗಿ ಮುಟ್ಟಿತು. ಅವರು ಶಹಬ್ಬಾಸ್ ಅನ್ನಲಿಲ್ಲ. ತುಟಿ ಕಚ್ಚಿಕೊಂಡು, ತಲೆ ತಗ್ಗಿಸಿ ಬರೆದುಕೊಂಡರು. ಆಮೇಲೆ ಛತ್ರಿ, ಬಾಚಣಿಗೆ, ಮರ. ಬಾಚಣಿಗೆಯಲ್ಲಿ ಅವನು ನಿಜವಾಗಿಯೂ ತಪ್ಪಿದ. ಅರ್ಧಕ್ಕೆ ಸಿಕ್ಕಿಕೊಂಡು, ಬೆವರಿ, ಬಿಟ್ಟುಬಿಟ್ಟ. ಮೇಡಂ ಅದನ್ನೂ ಬರೆದುಕೊಂಡರು. ತಪ್ಪು ಅವನದೇ ಆಗಿತ್ತು. ಅವನು ಮಂಚ ಬಡಿಯಲಿಲ್ಲ.

ಏಣಿ ಉಪಕರಣಗಳನ್ನು ಸದ್ದಾಗದಂತೆ ಚೀಲಕ್ಕೆ ತುಂಬತೊಡಗಿದ. ಹೊರಡುತ್ತೇನೆಂದು ಹೇಳಲು ತಿರುಗಿದರೆ, ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಹೆಂಗಸು ನಿದ್ದೆ ಹೋಗಿದ್ದಳು. ಮಧ್ಯಾಹ್ನದಿಂದ ರಾತ್ರಿ ಒಂಬತ್ತರ ತನಕ ಔಷಧಿ ಅಂಗಡಿಯಲ್ಲಿ ನಿಂತೇ ಇರುವ ಕೆಲಸ ಅವಳದು. ಬೆಳಿಗ್ಗೆ ಐದಕ್ಕೆ ಎದ್ದರೆ ಮತ್ತೆ ಮನೆಗೆಲಸ. ಆರು ವಾರದಲ್ಲಿ ಕ್ಲಾಸಿನ ಹೊತ್ತಿಗೆ ಅವಳು ಕೂತದ್ದೇ ಇಲ್ಲವೇನೋ. ತಲೆ ಗೋಡೆಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಒಂದು ಚಪ್ಪಲಿ ಕಾಲಿನಿಂದ ಜಾರಿ ಬಿದ್ದಿತ್ತು.

ಮೇಡಂ ಹೊಸ ಚಿತ್ರ ಎತ್ತಿದರು. ದೋಣಿ.

“ದೋ… ಣಿ,” ಅಂದ ವ್ಯಾನ್ ಮಾಮ.

“ಸರಿಯಾಗಿದೆ. ಇನ್ನೊಂದ್ಸಲ, ಸ್ವಲ್ಪ ಜೋರಾಗಿ ಹೇಳಿ.”

ಅವನು ತೆರೆಯಿಂದ ಕಣ್ಣು ತೆಗೆದು ಬಾಗಿಲ ಬಳಿಯ ಕುರ್ಚಿಯನ್ನು ನೋಡಿದ. ಆಮೇಲೆ ಟ್ಯಾಬ್ ಕಡೆಗೆ ಬಗ್ಗಿ, ಮೊದಲಿಗಿಂತಲೂ ಮೆಲ್ಲಗೆ, ಹೆಚ್ಚುಕಡಿಮೆ ಉಸಿರಿನಲ್ಲೇ, ಇನ್ನೊಂದು ಸಲ ಹೇಳಿದ.